ಪಶುವೈದ್ಯನಿಗೆ ಸನದು ಕೊಡುವ ಮುನ್ನ

ಮನುಷ್ಯರ ವೈದ್ಯನಾಗಬಯಸುವವನು ಎಷ್ಟು ವರ್ಷ ವ್ಯಾಸಂಗ ಮಾಡಬೇಕು, ಯಾವ ಪರೀಕ್ಷೆಗೆ ಕೂರಬೇಕು ಎಂಬ ಸಂಗತಿ ಓದುಬರಹ ಬಲ್ಲವರಿಗೆಲ್ಲ ಸ್ಥೂಲವಾಗಿಯಾದರೂ ತಿಳಿದಿರುವುದು. ಪಶುವೈದ್ಯನ ವಿಷಯದಲ್ಲಿ ಹಾಗಿಲ್ಲ. ಹಸುವಿಗೆ ಸೂಜಿಮದ್ದು ಚುಚ್ಚಬಲ್ಲವನೆಲ್ಲ ನಮ್ಮ ಹಳ್ಳಿಗಳಲ್ಲಿ ‘ದನದ ಡಾಕ್ಟರು’ ಎನಿಸಿಕೊಳ್ಳುವನು. ಆತನಿಗೆ ಪದವಿಯುಂಟೆ, ಆತನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಕೇಳುವ ರೂಢಿಯೇ ಇಲ್ಲ. ಕೇಳಬೇಕಾದ ರೋಗಿಗೆ ಮಾತಿಲ್ಲ. ಕೇಳಬಹುದಾದ ಯಜಮಾನನಿಗೆ ಆ ಹೊತ್ತಿನಲ್ಲಿ ಹಸು ಎದ್ದು ನಿಂತರೆ ಸಾಕಾಗಿರುತ್ತದೆ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಪಶುವೈದ್ಯ ಕಾಲೇಜನ್ನು ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ನಮ್ಮಂಥವರ ತರಗತಿಯನ್ನು ದಾಟಿಯೇ ಹೋಗಬೇಕು. ಹಾಗಾಗಿ ಅವನು ಮುಂದೆ ಏನಾಗುವನೆಂಬ ಕುತೂಹಲ ನಮಗಿರುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಯೆಂಬುದು ಒಂದು ಅಳತೆ. ಯಾವುದನ್ನು ಅಳೆಯಬೇಕೋ ಅದನ್ನೇ ನಮ್ಮ ಉಪಕರಣ ಅಳೆಯುತ್ತಿದೆಯೇ ಎಂಬ ಪ್ರಶ್ನೆ ನಮ್ಮ ಶಾಸ್ತ್ರದ ಮೊದಲ ಪಾಠ. ಮನುಷ್ಯವೈದ್ಯರಿಗಾಗಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ದೇಶಕ್ಕೆಲ್ಲ ಏಕರೂಪವಾದ ಅಂತಿಮ ಪರೀಕ್ಷೆಯೊಂದನ್ನು ವಿಧಿಸಿತು. ಪಶುವೈದ್ಯರಿಗೂ ಅಂಥದೊಂದು ಏಕೆ ಬೇಡ ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುವುದು. ಪರೀಕ್ಷೆ ಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ಕಾಗದದ ಮೇಲೆ ನಡೆಯುವ ಪರೀಕ್ಷೆಯಾಗಕೂಡದು.

ಈಗಿರುವ ಏರ್ಪಾಡನ್ನು ಮೊದಲು ಸಂಗ್ರಹವಾಗಿ ಹೇಳಿಬಿಡೋಣ. ಪದವಿಪೂರ್ವ ತರಗತಿಯಲ್ಲಿ ಭೌತ, ರಸಾಯನ ಮತ್ತು ಜೀವವಿಜ್ಞಾನಗಳನ್ನು ಓದಿದವರು ಪ್ರವೇಶ ಪರೀಕ್ಷೆಯ ಮೂಲಕ ಕಾಲೇಜನ್ನು ಸೇರುವರು. ನೂರಕ್ಕೆ 15ರಷ್ಟು ಸ್ಥಾನಗಳು ‘ನೀಟ್’ ಪರೀಕ್ಷೆಯ ಆಧಾರದಿಂದ ಅಖಿಲ ಭಾರತ ಮಟ್ಟದಲ್ಲಿ ತುಂಬಲ್ಪಡುವುವು. ಭಾರತೀಯ ಪಶುವೈದ್ಯ ಪರಿಷತ್ತು 2016ರಲ್ಲಿ ಗೊತ್ತುಮಾಡಿದ ನಿಯಮದಂತೆ ವ್ಯಾಸಂಗದ ಅವಧಿ ಐದೂವರೆ ವರ್ಷ: ನಾಲ್ಕೂವರೆ ವರ್ಷ ತರಗತಿ ಮತ್ತು ಪ್ರಯೋಗಶಾಲೆ, ಉಳಿದ ಒಂದು ವರ್ಷ ಕಡ್ಡಾಯವಾದ ವೃತ್ತಿ ತರಬೇತಿ. ಅದಾದ ಮೇಲೆ ಪದವಿ. ಪದವಿಯನ್ನು ತೋರಿಸಿ ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರೆ ಸನದು. ಪದವಿಗೂ ಸನದಿಗೂ ನಡುವೆ ಬೇರೆ ಯಾವ ಪರೀಕ್ಷೆಯೂ ಇಲ್ಲ. ನೋಂದಾಯಿಸಿಕೊಂಡವನು ದೇಶದ ಯಾವ ರಾಜ್ಯದಲ್ಲಾದರೂ ವೃತ್ತಿ ನಡೆಸಬಹುದು, ಸರ್ಕಾರದ ಪಶು ಆಸ್ಪತ್ರೆಯಲ್ಲಿ ವೈದ್ಯನ ಹುದ್ದೆ ಹಿಡಿಯಬಹುದು, ಪ್ರಮಾಣಪತ್ರಗಳಿಗೆ ರುಜು ಹಾಕಬಹುದು, ನ್ಯಾಯಾಲಯದಲ್ಲಿ ತಜ್ಞನಾಗಿ ಸಾಕ್ಷ್ಯ ನುಡಿಯಬಹುದು. ರುಜುವಿನ ಅಧಿಕಾರವೇನು ಸಣ್ಣದಲ್ಲ. ವಿಮೆ ಇಳಿಸಿದ ಹಸು ಸತ್ತಾಗ ಬಡವನಿಗೆ ಹಣ ಬರುವುದೋ ಇಲ್ಲವೋ ಎಂಬುದು ಆ ಒಂದು ರುಜುವಿನ ಮೇಲೆ ನಿಂತಿರುತ್ತದೆ.

ಈ ವೃತ್ತಿಗೆ ಶಾಲೆಯೊಂದು ಬೇಕೆಂಬ ತಿಳಿವಳಿಕೆ ಮೂಡಿದುದು ಜಾಡ್ಯದ ಭಯದಿಂದ. ಹದಿನೆಂಟನೆಯ ಶತಮಾನದಲ್ಲಿ, ನಮ್ಮವರು ‘ದೊಡ್ಡರೋಗ’ ಎಂದು ಕರೆಯುತ್ತಿದ್ದ ದನಗಳ ಮಾರಿ ಯೂರೋಪಿನ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದಾಗ, ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬಾತನು 1762ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ತೆರೆದನು. ಆತನು ವೈದ್ಯನೇನೂ ಅಲ್ಲ. ವಕೀಲಿ ಓದಿ ಕುದುರೆ ಸವಾರಿಯ ಶಾಲೆ ನಡೆಸುತ್ತಿದ್ದವನು. ಇಂಗ್ಲೆಂಡಿನಲ್ಲಿ 1791ರಲ್ಲಿ ಕಾಲೇಜೂ 1844ರಲ್ಲಿ ರಾಜಸನದು ಪಡೆದ ವೃತ್ತಿಸಂಘವೂ ಹುಟ್ಟಿದುವು. ನಮ್ಮಲ್ಲಿ ಲಾಹೋರಿನ ಶಾಲೆ 1882ರಲ್ಲಿ, ಮುಂಬಯಿಯದು 1886ರಲ್ಲಿ, ಮದರಾಸಿನದು 1903ರಲ್ಲಿ ಆರಂಭವಾದುವು. ಕನ್ನಡ ನಾಡಿಗೆ ತನ್ನದೇ ಆದ ಪಶುವೈದ್ಯ ಕಾಲೇಜು ಬಂದುದು 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ. ಪಶುವೈದ್ಯಕ್ಕೆಂದೇ ವಿಶ್ವವಿದ್ಯಾನಿಲಯ ಬಂದುದು 2004ರಲ್ಲಿ, ಬೀದರಿನಲ್ಲಿ. ಶಾಲೆಗಳಿಗೆ ಕಾರಣವಾದ ದೊಡ್ಡರೋಗವು 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಸಿಡುಬಿನ ತರುವಾಯ ಮನುಷ್ಯನು ಬೇರುಸಹಿತ ಕಿತ್ತ ರೋಗ ಇದೊಂದೇ. ಸಿಡುಬಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ದೊಡ್ಡರೋಗದ ಕಥೆ ಎಷ್ಟು ಮಂದಿಗೆ ಗೊತ್ತು?

ಶಾಲೆಗಳು ಇಷ್ಟು ಬೇಗ ಬಂದರೂ ಸನದಿನ ಕಾನೂನು ನಮ್ಮಲ್ಲಿ ಬಂದುದು ತಡವಾಗಿ. ಸಂವಿಧಾನದಲ್ಲಿ ಪಶುವೈದ್ಯದ ಶಿಕ್ಷಣ ಮತ್ತು ವೃತ್ತಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಆದುದರಿಂದ ಕೆಲವು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆಯೇ ಸಂಸತ್ತು 1984ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯನ್ನು ಅಂಗೀಕರಿಸಲು ಸಾಧ್ಯವಾಯಿತು. ಮದರಾಸಿನ ಕಾಲೇಜು ಹುಟ್ಟಿ ಆಗಲೇ ಎಂಬತ್ತು ವರ್ಷ ಸಂದಿದ್ದುವು!

ಇನ್ನು ಸನದು ಏತಕ್ಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಹೆಚ್ಚು ಹಾಲು ಕರೆಯುವ ಮಿಶ್ರತಳಿಯ ಹಸು, ಮೂರನೆಯದೋ ನಾಲ್ಕನೆಯದೋ ಕರು ಹಾಕಿದೆ. ಮರುದಿನ ನೋಡಿದರೆ ಏಳಲಾರದು. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಂಕಾಗಿ ಮಲಗಿದೆ, ಕಿವಿ ತಣ್ಣಗಿದೆ. ಇದೇ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈಯಲ್ಲಿ ಜ್ವರವಿರುವುದಿಲ್ಲ. ಗಿಣ್ಣುಹಾಲು ಇಳಿಯತೊಡಗಿದೊಡನೆ ರಕ್ತದಲ್ಲಿರುವ ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದುಹೋಗುವುದು. ಮೂಳೆಗಳಲ್ಲಿರುವ ದಾಸ್ತಾನು ಅಷ್ಟು ಬೇಗ ಕರಗಿ ಬರಲಾರದು. ಕ್ಯಾಲ್ಸಿಯಂ ತಗ್ಗಿದರೆ ಸ್ನಾಯುಗಳು ಸೋಲುವುವು.

ಈ ರೋಗದ ಚಿಕಿತ್ಸೆಯ ಚರಿತ್ರೆ ಭೌತವಿಜ್ಞಾನಿಗೆ ರುಚಿಸುವಂಥದು. ಡೆನ್ಮಾರ್ಕಿನ ಸ್ಮಿತ್ ಎಂಬ ಪಶುವೈದ್ಯನು 1897ರಲ್ಲಿ, ಕೆಚ್ಚಲಿನಲ್ಲಿ ವಿಷ ಹುಟ್ಟುತ್ತದೆಂಬ ನಂಬಿಕೆಯಿಂದ, ಮೊಲೆತೊಟ್ಟುಗಳ ಮೂಲಕ ಪೊಟ್ಯಾಸಿಯಂ ಅಯೊಡೈಡಿನ ದ್ರಾವಣವನ್ನು ಒಳಗೆ ಬಿಟ್ಟನು. ಅರ್ಧಕ್ಕೂ ಮಿಕ್ಕಿ ಸಾಯುತ್ತಿದ್ದ ಹಸುಗಳು ಬದುಕತೊಡಗಿದುವು. ಕೆಲವೇ ವರ್ಷಗಳಲ್ಲಿ, ದ್ರಾವಣವೇ ಬೇಡ, ಕೆಚ್ಚಲಿಗೆ ಬರಿಯ ಗಾಳಿಯನ್ನು ಊದಿದರೂ ಸಾಕೆಂದು ತಿಳಿದುಬಂದಿತು. ಕೆಚ್ಚಲಿನೊಳಗೆ ಒತ್ತಡ ಏರಿದರೆ ಹಾಲು ಇಳಿಯುವುದು ನಿಲ್ಲುವುದು. ಹಾಲು ನಿಂತರೆ ಕ್ಯಾಲ್ಸಿಯಂ ಸೋರುವುದೂ ನಿಲ್ಲುವುದು. ವಾದ ತಪ್ಪು, ಮದ್ದು ಸರಿ! ರಕ್ತದಲ್ಲಿ ಕ್ಯಾಲ್ಸಿಯಂ ತಗ್ಗುವುದೇ ಕಾರಣವೆಂಬುದು ಸ್ಪಷ್ಟವಾದುದು 1920ರ ದಶಕದಲ್ಲಿ. ಅಲ್ಲಿಂದೀಚೆಗೆ ಕ್ಯಾಲ್ಸಿಯಂ ಬೋರೋಗ್ಲೂಕೊನೇಟ್ ದ್ರಾವಣವನ್ನು ರಕ್ತನಾಳಕ್ಕೆ ಹರಿಸುವುದು ರೂಢಿಗೆ ಬಂದಿತು. ಸತ್ತಂತೆ ಬಿದ್ದಿದ್ದ ಹಸು ನಡುಗಿ, ತೇಗಿ, ಸಗಣಿ ಹಾಕಿ, ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವ ನೋಟ ಕಣ್ಕಟ್ಟಿನಂತಿರುವುದು.

ಈ ನೋಟದಲ್ಲಿಯೇ ಅಪಾಯವೂ ಇದೆ. ಒಮ್ಮೆ ನೋಡಿದವನು ‘ಇಷ್ಟೇ ತಾನೆ’ ಎಂದುಕೊಳ್ಳುವನು. ಬಾಟಲಿ ಔಷಧದ ಅಂಗಡಿಯಲ್ಲಿ ಸಿಗುವುದು; ಸೂಜಿಯೂ ಸಿಗುವುದು. ಆದರೆ ಅದೇ ದ್ರಾವಣವನ್ನು ವೇಗವಾಗಿ ಹರಿಸಿದರೆ ಹೃದಯ ನಿಂತುಹೋಗುವುದು. ಒಂದು ಕೈಯಲ್ಲಿ ಬಾಟಲಿಯನ್ನು ಎತ್ತಿ ತಗ್ಗಿಸಿ ವೇಗವನ್ನು ಅಂಕೆಯಲ್ಲಿಟ್ಟು, ಕಿವಿಯಲ್ಲಿ ಹೃದಯದ ಬಡಿತವನ್ನು ಆಲಿಸುತ್ತ, ಲಯ ತಪ್ಪಿದೊಡನೆ ನಿಲ್ಲಿಸಬಲ್ಲವನೇ ವೈದ್ಯ. ಅಲ್ಲದೆ, ಕರು ಹಾಕಿದ ಮೇಲೆ ಬಿದ್ದ ಹಸುವಿಗೆಲ್ಲ ಹಾಲುಜ್ವರವೇ ಆಗಿರಬೇಕಿಲ್ಲ. ಹೆರಿಗೆಯಲ್ಲಿ ನರ ಜಜ್ಜಿರಬಹುದು, ಮೂಳೆ ಮುರಿದಿರಬಹುದು, ಕೆಚ್ಚಲುಬಾವಿನ ನಂಜು ಮೈಗೆಲ್ಲ ಏರಿರಬಹುದು. ನಂಜೇರಿದ ಹಸುವಿನ ಹೃದಯ ಕ್ಯಾಲ್ಸಿಯಮ್ಮಿನ ಆಘಾತವನ್ನು ತಾಳಲಾರದು. ಬಾಟಲಿಯ ಮೇಲೆ ಇವೊಂದೂ ಬರೆದಿರುವುದಿಲ್ಲ.

ಔಷಧದ ಪ್ರಮಾಣವನ್ನೇ ತೆಗೆದುಕೊಳ್ಳಿ. ಅದು ಮೈತೂಕದ ಮೇಲೆ ನಿಲ್ಲುವುದು. ಹಳ್ಳಿಯ ಕೊಟ್ಟಿಗೆಯಲ್ಲಿ ಹಸುವನ್ನು ತೂಗುವ ತಕ್ಕಡಿಯೆಲ್ಲಿ? ಇದಕ್ಕೊಂದು ಹಳೆಯ ಸೂತ್ರವುಂಟು. ಎದೆಯ ಸುತ್ತಳತೆಯನ್ನೂ ಮೈಯ ಉದ್ದವನ್ನೂ ಅಂಗುಲಗಳಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 300ರಿಂದ ಭಾಗಿಸಿದರೆ ತೂಕ ಪೌಂಡುಗಳಲ್ಲಿ ಸಿಗುವುದು. ಹಸುವಿನ ಮುಂಡವನ್ನು ಒಂದು ಉರುಳೆಯೆಂದು ಬಗೆದರೆ ಈ ಸೂತ್ರ ಎಲ್ಲಿಂದ ಬಂದಿತೆಂದು ವಾಚಕರೇ ಊಹಿಸಬಹುದು. ಸುತ್ತಳತೆಯಲ್ಲಿ ನೂರಕ್ಕೆ ಐದರಷ್ಟು ತಪ್ಪಾದರೆ ತೂಕದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು ಬರುವುದು. ಇದನ್ನು ಅರಿತವನ ಊಹೆಗೂ ಅರಿಯದವನ ಊಹೆಗೂ ಬಹಳ ಅಂತರವಿದೆ.

ಹಾಗಾದರೆ ಸನದಿಲ್ಲದವರನ್ನೆಲ್ಲ ಹಿಡಿದು ದಂಡಿಸಬೇಕೆ? ಇದನ್ನು ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 53 ಕೋಟಿಗೂ ಮಿಕ್ಕಿ ಜಾನುವಾರುಗಳಿದ್ದುವು. ಐದು ಸಾವಿರ ಜಾನುವಾರು ಘಟಕಗಳಿಗೊಂದು ಚಿಕಿತ್ಸಾಲಯವಾದರೂ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿಯೇ ಶಿಫಾರಸು ಮಾಡಿತ್ತು. ರಾತ್ರಿ ಎರಡು ಗಂಟೆಗೆ ಕರು ಅಡ್ಡಲಾಗಿ ಸಿಕ್ಕಿಕೊಂಡು ಎಮ್ಮೆ ನರಳುತ್ತಿರುವಾಗ, ಹತ್ತು ಮೈಲಿಯಾಚೆಯ ಪದವೀಧರನ ಬರವನ್ನು ಕಾಯಬೇಕೆಂದು ರೈತನಿಗೆ ಉಪದೇಶಿಸುವುದು ಪಟ್ಟಣದಲ್ಲಿ ಕುಳಿತವರಿಗೆ ಮಾತ್ರ ಸಾಧ್ಯ. ಕಾನೂನು ಇದನ್ನು ಮರೆತಿಲ್ಲ. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಕಟ್ಟುವುದು ಮುಂತಾದ ಪ್ರಾಥಮಿಕ ಸೇವೆಗಳನ್ನು ಡಿಪ್ಲೊಮಾ ಪಡೆದ ಸಹಾಯಕರು ನಡೆಸಲು ರಾಜ್ಯಸರ್ಕಾರ ಅನುಮತಿ ಕೊಡಬಹುದೆಂದು 1984ರ ಕಾಯಿದೆಯ 30ನೆಯ ವಿಧಿ ಹೇಳುವುದು. ಆದರೆ ನೋಂದಾಯಿತ ಪಶುವೈದ್ಯನ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಎಂಬ ಮಾತನ್ನೂ ಅದು ಜೊತೆಗೆ ಸೇರಿಸಿದೆ. ಈ ಮೇಲ್ವಿಚಾರಣೆ ಎಂಬ ಒಂದು ಪದದ ಮೇಲೆ ಇಡೀ ಏರ್ಪಾಡು ನಿಂತಿದೆ. ಮೇಲ್ವಿಚಾರಕನೇ ಹತ್ತಿರವಿಲ್ಲದಿದ್ದರೆ ಸಹಾಯಕನು ಇಷ್ಟವಿರಲಿ ಇಲ್ಲದಿರಲಿ ವೈದ್ಯನಾಗಿಬಿಡುವನು. ಅದು ಅವನ ದೋಷವಲ್ಲ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮನೆಬಾಗಿಲಿಗೆ ವಾಹನ ಬರುವ ಏರ್ಪಾಡು ಈಚೆಗೆ ಬಂದಿರುವುದು ಸಂತೋಷದ ಸಂಗತಿ. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಪಶು ಸಂಜೀವಿನಿ’ ಎಂದು ಹೆಸರು. ವೈದ್ಯನಿದ್ದಲ್ಲಿಗೆ ಹಸು ಹೋಗಲಾರದಾದುದರಿಂದ ಹಸುವಿದ್ದಲ್ಲಿಗೆ ವೈದ್ಯನು ಬರಬೇಕೆಂಬ ಇಷ್ಟು ಸರಳ ವಿಚಾರ ಆಚರಣೆಗೆ ಬರಲು ಎಷ್ಟು ಕಾಲ ಹಿಡಿಯಿತು!

ಸನದನ್ನೂ ಸಾಮರ್ಥ್ಯವನ್ನೂ ಒಂದೇ ಎಂದು ತಿಳಿಯುವುದೂ ಸರಿಯಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಏಲೀನ್ ಕಸ್ಟ್ ಎಂಬಾಕೆ ಎಡಿನ್‌ಬರೋದಲ್ಲಿ ಪಶುವೈದ್ಯದ ವ್ಯಾಸಂಗವನ್ನು 1900ರಲ್ಲಿ ಮುಗಿಸಿದರು. ಆದರೆ ಲಂಡನ್ನಿನ ವೃತ್ತಿಸಂಘವು ಹೆಂಗಸೆಂಬ ಒಂದೇ ಕಾರಣದಿಂದ ಅವರನ್ನು ಪರೀಕ್ಷೆಗೆ ಕೂರಗೊಡಲಿಲ್ಲ. ಆಕೆ ರಾಸ್‌ಕಾಮನ್ ಸೀಮೆಯಲ್ಲಿ ವರ್ಷಗಟ್ಟಲೆ ರೈತರ ಕುದುರೆ-ದನಗಳಿಗೆ ಚಿಕಿತ್ಸೆ ಮಾಡಿದರು. 1919ರಲ್ಲಿ ಕಾನೂನು ಬದಲಾಗಿ, 1922ರಲ್ಲಿ ಆಕೆಗೆ ಸನದು ದೊರೆಯಿತು. ಆಗ ಆಕೆಗೆ ಐವತ್ತು ದಾಟಿತ್ತು. ಆ ದಿನ ಆಕೆಯ ಕೈಗೆ ಹೊಸದಾಗಿ ಯಾವ ವಿದ್ಯೆಯೂ ಬರಲಿಲ್ಲ; ಬಂದುದು ಒಂದು ಕಾಗದ. ಹಾಗೆಂದು ಕಾಗದವೇ ಬೇಡವೆನ್ನಲಾಗದು, ಏಕೆಂದರೆ ಪ್ರತಿಯೊಬ್ಬ ರೈತನೂ ತನ್ನ ಹಸುವನ್ನು ಒಡ್ಡಿ ವೈದ್ಯನನ್ನು ಪರೀಕ್ಷಿಸಲಾರ. ಆ ಪರೀಕ್ಷೆಯನ್ನು ಅವನ ಪರವಾಗಿ ಸಮಾಜವು ಮೊದಲೇ ನಡೆಸಿಟ್ಟಿರಬೇಕು.

ಆ ಪರೀಕ್ಷೆ ಎಂಥದಿರಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ, ಪದವಿಯ ಜೊತೆಗೆ ಉತ್ತರ ಅಮೆರಿಕದ ಪಶುವೈದ್ಯ ಪರವಾನಗಿ ಪರೀಕ್ಷೆಯೆಂಬ ಒಂದು ಗಣಕಯಂತ್ರದ ಪರೀಕ್ಷೆಯನ್ನು ದಾಟಬೇಕು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ನೂರಾರು ಪ್ರಶ್ನೆಗಳು ಅದರಲ್ಲಿರುವುವು. ಆದರೆ ಇಲ್ಲೊಂದು ಗಮನಿಸತಕ್ಕ ಅಂಶವಿದೆ. ಅಲ್ಲಿನ ಮನ್ನಣೆ ಪಡೆಯದ ಹೊರದೇಶದ ಕಾಲೇಜುಗಳಲ್ಲಿ ಓದಿದವರು ಅಲ್ಲಿ ವೃತ್ತಿ ನಡೆಸಬೇಕಾದರೆ, ಅವರಿಗಿರುವ ಮಾರ್ಗಗಳಲ್ಲೊಂದು ಹಲವು ದಿನ ನಡೆಯುವ ಕೈಕೆಲಸದ ಪರೀಕ್ಷೆ. ಅರಿವಳಿಕೆ ಕೊಡಬೇಕು, ಶಸ್ತ್ರಕ್ರಿಯೆ ಮಾಡಬೇಕು, ಕ್ಷಕಿರಣದ ಚಿತ್ರ ತೆಗೆಯಬೇಕು, ಸತ್ತ ಪ್ರಾಣಿಯನ್ನು ಕೊಯ್ದು ಕಾರಣ ಹೇಳಬೇಕು. ತಮಗೆ ಪರಿಚಯವಿಲ್ಲದ ಕಾಲೇಜಿನಿಂದ ಬಂದವನನ್ನು ನಂಬಬೇಕಾದಾಗ ಅಮೆರಿಕದವರೂ ಕೇಳುವುದು ಕೈಯನ್ನೇ! ಇಂಗ್ಲೆಂಡಿನವರದು ಬೇರೆ ದಾರಿ. ಅವರು ಕಾಲೇಜುಗಳನ್ನೇ ಪರೀಕ್ಷಿಸಿ ಮನ್ನಣೆ ಕೊಡುವರು. ವಿದ್ಯಾರ್ಥಿಗಳು ರಜೆಯ ವಾರಗಳಲ್ಲಿ ಕೊಟ್ಟಿಗೆಗಳಲ್ಲಿಯೂ ವೃತ್ತಿನಿರತರ ಬಳಿಯಲ್ಲಿಯೂ ದುಡಿದು ಬರಬೇಕು. ಮನ್ನಣೆ ಪಡೆದ ಅಲ್ಲಿನ ಕಾಲೇಜಿನ ಪದವೀಧರನಿಗೆ ಮತ್ತೊಂದು ಪರೀಕ್ಷೆಯಿಲ್ಲ.

ನಮ್ಮಲ್ಲಿ ಆರಿಸಿ ಗುರುತು ಹಾಕುವ ಪರೀಕ್ಷೆಯನ್ನು ತಂದರೆ ಏನಾಗುವುದೆಂದು ಊಹಿಸಲು ಜ್ಯೋತಿಷ ಬೇಕಿಲ್ಲ. ಪರೀಕ್ಷೆಗೆ ತಯಾರುಮಾಡುವ ಅಂಗಡಿಗಳು ಏಳುವುವು. ತರಬೇತಿಯ ವರ್ಷದಲ್ಲಿ ಕೊಟ್ಟಿಗೆಯಲ್ಲಿರಬೇಕಾದ ವಿದ್ಯಾರ್ಥಿ ಕೊಠಡಿಯಲ್ಲಿ ಕುಳಿತು ಪ್ರಶ್ನೆಗಳನ್ನು ಉರುಹೊಡೆಯುವನು. ಪದವಿಪೂರ್ವ ತರಗತಿಗಳಲ್ಲಿ ಇದೇ ಕಥೆಯನ್ನು ನಾವು ಪ್ರತಿವರ್ಷ ನೋಡುತ್ತಿದ್ದೇವೆ. ಸರಳಲೋಲಕವನ್ನು ಒಮ್ಮೆಯೂ ತೂಗದೆ ಗುರುತ್ವವೇಗೋತ್ಕರ್ಷವನ್ನು ಕರಾರುವಾಕ್ಕಾಗಿ 9.8 ಎಂದು ಬರೆಯುವ ಹುಡುಗರು ಎಷ್ಟೋ ಮಂದಿ! ಉತ್ತರ ಸರಿಯಾಗಿಯೇ ಇರುವುದು. ಅಳತೆ ಮಾತ್ರ ನಡೆದೇ ಇರುವುದಿಲ್ಲ. ಲೋಲಕದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಹಸುವಿನ ಗರ್ಭದ ತಿಂಗಳನ್ನು ಕೈಯಿಟ್ಟು ಹೇಳಬೇಕಾದವನು ಹೀಗೆ ಉತ್ತರವನ್ನು ಮಾತ್ರ ಕಲಿತಿದ್ದರೆ ನಷ್ಟವನ್ನು ತೆರುವವನು ಬೇರೊಬ್ಬ.

ಆದುದರಿಂದ ಪರೀಕ್ಷೆಯನ್ನು ತರಬೇತಿಯ ವರ್ಷದ ಕೊನೆಯಲ್ಲಿ, ತಾಲ್ಲೂಕಿನ ಪಶು ಆಸ್ಪತ್ರೆಯ ಅಂಗಳದಲ್ಲಿ, ಆ ಬೆಳಿಗ್ಗೆ ನಿಜವಾಗಿ ಬಂದ ದನಗಳ ಮೇಲೆ ನಡೆಸಬೇಕೆಂದು ನಾವು ಸೂಚಿಸುತ್ತೇವೆ. ಪರೀಕ್ಷಕರು ಇಬ್ಬರಿರಲಿ, ಇಬ್ಬರೂ ವಿದ್ಯಾರ್ಥಿಯ ಕಾಲೇಜಿನವರಾಗಿರದಿರಲಿ, ಅವರಲ್ಲೊಬ್ಬರಾದರೂ ಹಳ್ಳಿಯಲ್ಲಿ ಹತ್ತು ವರ್ಷ ದುಡಿದವರಾಗಿರಲಿ. ವಿದ್ಯಾರ್ಥಿ ಹಸುವಿನ ಬಳಿಗೆ ಹೇಗೆ ಹೋಗುವನು, ಯಜಮಾನನನ್ನು ಏನು ಕೇಳುವನು ಎಂಬುದನ್ನೂ ಅವರು ನೋಡಲಿ. ಇದಕ್ಕೆ ಹಣವೂ ಕಾಲವೂ ಹೆಚ್ಚು ತಗಲುವುವು, ಅಂಕಗಳಲ್ಲಿ ಪರೀಕ್ಷಕನ ಅಭಿರುಚಿಯೂ ಬೆರೆಯುವುದು, ಶಿಫಾರಸಿಗೂ ಎಡೆಯಾದೀತು ಎಂಬ ಆಕ್ಷೇಪಗಳು ಬರುವುವು. ಅವು ನಿರಾಧಾರವಲ್ಲ. ಆದರೆ ಸ್ವಲ್ಪ ಅಲುಗುವ ಮುಳ್ಳಿನಿಂದ ಬೇಕಾದ ವಸ್ತುವನ್ನು ಅಳೆಯುವುದು, ಸ್ಥಿರವಾದ ಮುಳ್ಳಿನಿಂದ ಬೇಡವಾದುದನ್ನು ಅಳೆಯುವುದಕ್ಕಿಂತ ಲೇಸು. ಇನ್ನೊಂದು ಕಾರಣವೂ ಉಂಟು. ಹೆಬ್ಬಾಳದ ಕಾಲೇಜು ಕಟ್ಟಿದಾಗ ಅದು ಊರಿನ ಹೊರಗಿತ್ತು. ಇಂದು ನಗರವೇ ಅದನ್ನು ಸುತ್ತುಗಟ್ಟಿದೆ. ಇಂಥ ಕಾಲೇಜಿನ ಬಾಗಿಲಿಗೆ ಬರುವ ರೋಗಿಗಳಲ್ಲಿ ನಾಯಿ-ಬೆಕ್ಕುಗಳ ಪಾಲು ಹೆಚ್ಚುವುದು ಸಹಜವೇ. ನಾಯಿಯ ವೈದ್ಯವೂ ಗೌರವದ ವಿದ್ಯೆಯೇ ಸರಿ. ಆದರೆ ಕುರಿಮಂದೆಗೆ ಜಾಡ್ಯ ತಗಲಿದಾಗ ಅಷ್ಟೇ ಸಾಲದು.

ಒಮ್ಮೆ ಕೊಟ್ಟ ಸನದು ಜೀವಾವಧಿಗೆ ಸಾಕೆ ಎಂಬ ಪ್ರಶ್ನೆಯೂ ಇದೆ. ಡೈಕ್ಲೊಫಿನ್ಯಾಕ್ ಎಂಬ ನೋವುನಿವಾರಕವನ್ನು ದನಗಳಿಗೆ ಕೊಡುವುದು ನಮ್ಮಲ್ಲಿ 1990ರ ದಶಕದಲ್ಲಿ ಬಹಳವಾಗಿ ಬಳಕೆಗೆ ಬಂದಿತು. ದನಕ್ಕೆ ಅದರಿಂದ ಉಪಶಮನವೇ ಆಗುತ್ತಿದ್ದಿತು. ಆದರೆ ಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದುವು. ಕಾರಣ ಬಯಲಾದುದು 2004ರಲ್ಲಿ. ಅಷ್ಟರೊಳಗೆ ದೇಶದ ಹದ್ದುಗಳಲ್ಲಿ ಬಹುಪಾಲು ಅಳಿದುಹೋಗಿದ್ದುವು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಶೀಷೆಗಳು ದನಗಳ ಪಾಲಾಗುತ್ತಿದ್ದುದರಿಂದ 2015ರಲ್ಲಿ ಸೂಜಿಮದ್ದಿನ ಶೀಷೆಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ನಿಷೇಧಕ್ಕೆ ಮೊದಲು ಈ ಮದ್ದನ್ನು ಸನದುದಾರರೂ ಕೊಟ್ಟಿದ್ದರು, ಇಲ್ಲದವರೂ ಕೊಟ್ಟಿದ್ದರು, ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ನಿಲ್ಲಿಸುವ ಹೊಣೆ ಮಾತ್ರ ಪಟ್ಟಿಯಲ್ಲಿ ಹೆಸರಿದ್ದವನಿಗೆ ಅಂಟುವುದು. ಪಟ್ಟಿಯಲ್ಲಿಲ್ಲದವನಿಗೆ ಸುತ್ತೋಲೆಯನ್ನು ಕಳಿಸುವುದಾದರೂ ಎಲ್ಲಿಗೆ? ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮ ಈಗಲೂ ಇದೆ. ಅದು ಹಣ ಕಟ್ಟಿ ರಸೀತಿ ಪಡೆಯುವ ಶಾಸ್ತ್ರವಾಗದೆ, ನಡುವಣ ಐದು ವರ್ಷಗಳಲ್ಲಿ ಏನನ್ನು ಹೊಸದಾಗಿ ಕಲಿತೆಯೆಂದು ಕೇಳುವ ಸಂದರ್ಭವಾಗಬೇಕು.

ಖರ್ಚಿಲ್ಲದೆ ಆಗುವ ಒಂದು ಕೆಲಸವನ್ನು ಇದಾವುದಕ್ಕೂ ಕಾಯದೆ ಮಾಡಬಹುದು. ನೋಂದಾಯಿತ ಪಶುವೈದ್ಯರ ಹೆಸರುಗಳನ್ನು ಸಂಖ್ಯೆಯ ಸಮೇತ, ಕನ್ನಡದಲ್ಲಿ, ಹೋಬಳಿವಾರಾಗಿ ಬರೆದು ಗ್ರಾಮಪಂಚಾಯಿತಿಯ ಗೋಡೆಗೂ ಹಾಲಿನ ಡೇರಿಯ ಗೋಡೆಗೂ ಅಂಟಿಸಬೇಕು. ಅದರ ಕೆಳಗೆ ಅನುಮತಿ ಪಡೆದ ಸಹಾಯಕರ ಹೆಸರುಗಳನ್ನೂ, ಅವರು ಯಾವ ಯಾವ ಸೇವೆಗಳನ್ನು ಮಾಡಬಹುದೆಂಬುದನ್ನೂ ಬರೆಯಬೇಕು. ಬೆಳಿಗ್ಗೆಯೂ ಸಂಜೆಯೂ ಹಾಲು ಹಾಕಲು ಬಂದ ಹೆಣ್ಣುಮಕ್ಕಳು ಸಾಲಿನಲ್ಲಿ ನಿಂತಿರುವಾಗ ಅದನ್ನು ಓದಿಕೊಳ್ಳಲು ಬೇಕಾದಷ್ಟು ಹೊತ್ತಿರುವುದು.